ಬ್ರಷ್ ಕಟರ್, ಚೈನ್ ಸಾ, ಸ್ಪ್ರೇಯರ್: ಪೆಟ್ರೋಲ್ ಮಷಿನ್ ಎರವಲು ಕೊಡುವವರು, ಒಯ್ಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಸಹಾಯ ಸಂಘ, ರೈತರ ಗುಂಪು, ಬಡಾವಣೆಯ ನಿವಾಸಿಗಳ ಸಂಘ, ಶಾಲೆ ಅಥವಾ ಮಠದ ತೋಟ, ಹೀಗೆ ಕಲಬುರಗಿ ಸುತ್ತಮುತ್ತ ಎಲ್ಲಿಯೇ ಆಗಲಿ ಎರಡು ಮೂರು ಪೆಟ್ರೋಲ್ ಮಷಿನ್ ಇಟ್ಟುಕೊಂಡು ನಾಲ್ಕು ಮಂದಿಗೆ ಕೊಡುವವರಿಗಾಗಿ ಈ ಪುಟ. ಎರವಲು ಮಷಿನ್ ಕೆಲಸ ಮಾಡಿ ಸವೆಯುವುದು ಕಡಿಮೆ. ತಪ್ಪು ಎಣ್ಣೆ, ಹಳೆ ಪೆಟ್ರೋಲ್, ಎರೆಮಣ್ಣಿನ ಧೂಳು ಈ ಮೂರರಿಂದಲೇ ಅದು ಬೇಗ ಹಾಳಾಗುತ್ತದೆ. ಈ ಮೂರನ್ನೂ ತಡೆಯುವ ಕೆಲಸ ಕೊಡುವವರ ಕೈಯಲ್ಲಿದೆ, ಒಯ್ಯುವವರ ಕೈಯಲ್ಲಲ್ಲ.

ಎರವಲಿಗೆ ಯಾವ ಮಷಿನ್ ಇಡಬೇಕ್ರಿ? ಯಾವುದು ಬ್ಯಾಡ?

ಮೊದಲು ಬ್ರಷ್ ಕಟರ್. ಬದುವಿನ ಹುಲ್ಲು, ಕಾಂಗ್ರೆಸ್ ಕಸ, ಮನೆ ಹಿಂದಿನ ಖಾಲಿ ಜಾಗ, ಶಾಲೆಯ ಅಂಗಳ ಎಲ್ಲಕ್ಕೂ ಅದೇ ಬೇಕು. ಕೊಳ್ಳುವಾಗ 35 ಸಿಸಿ ಆಸುಪಾಸಿನ ಫೋರ್ ಸ್ಟ್ರೋಕ್ (ಪೆಟ್ರೋಲ್ ಬೇರೆ, ಎಂಜಿನ್ ಆಯಿಲ್ ಬೇರೆ ಹಾಕುವಂಥದ್ದು) ತೆಗೆದುಕೊಳ್ಳಿ. ಎಣ್ಣೆ ಬೆರೆಸಿದ ಪೆಟ್ರೋಲಿನಿಂದ ಓಡುವ ಟೂ ಸ್ಟ್ರೋಕ್ ಹಗುರ, ಬೆಲೆಯೂ ಕಡಿಮೆ. ಆದರೆ ಹತ್ತು ಕೈ ಬದಲಾಗುವ ಮಷಿನ್‌ಗೆ ಒಬ್ಬನಾದರೂ ಎಣ್ಣೆ ಬೆರೆಸದ ಪೆಟ್ರೋಲ್ ಹಾಕಿಯೇ ಹಾಕುತ್ತಾನೆ, ಅವತ್ತಿಗೆ ಪಿಸ್ಟನ್ ಮುಗಿಯಿತು.

ಬಡಾವಣೆಗಳಲ್ಲಿ ಮೆಹಂದಿ, ಡುರಾಂಟಾ ಬೇಲಿ ಕತ್ತರಿಸಲು ಹೆಡ್ಜ್ ಟ್ರಿಮ್ಮರ್ ಉಪಯೋಗಕ್ಕೆ ಬರುತ್ತದೆ. ಹುಲ್ಲುಹಾಸು ಕತ್ತರಿಸುವ ಮಷಿನ್ ಕೇಳುವವರು ನಮ್ಮ ಕಡೆ ಕಡಿಮೆ, ಅದಕ್ಕೆ ಹಣ ಹಾಕಬೇಡಿ. ಚೈನ್ ಸಾ ಇಟ್ಟರೂ ಅದನ್ನು ಬಲ್ಲ ಆಳಿನ ಜೊತೆಗೇ ಕಳಿಸಿ, ಬರೀ ಮಷಿನ್ ಕೊಡಬೇಡಿ. ಟ್ರ್ಯಾಕ್ಟರ್, ರೋಟವೇಟರ್‌ನಂಥ ದೊಡ್ಡವು ಬೇಕಾದವರನ್ನು ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರಕ್ಕೆ ಕಳಿಸಿ.

ನಮ್ಮದು ಟೂ ಸ್ಟ್ರೋಕ್ ಅದನೋ ಫೋರ್ ಸ್ಟ್ರೋಕ್ ಅದನೋ ಹ್ಯಾಂಗ ಗೊತ್ತಾಗಬೇಕು?

ಎಂಜಿನ್ ಆಯಿಲ್ ಹಾಕಲು ಬೇರೆ ಮುಚ್ಚಳ ಇದ್ದರೆ ಫೋರ್ ಸ್ಟ್ರೋಕ್. ಪೆಟ್ರೋಲ್ ಟ್ಯಾಂಕ್ ಮುಚ್ಚಳ ಒಂದೇ ಇದ್ದರೆ ಟೂ ಸ್ಟ್ರೋಕ್. ಆದರೆ ಚೈನ್ ಸಾದಲ್ಲಿ ಎರಡನೆಯ ಮುಚ್ಚಳ ಚೈನ್ ಎಣ್ಣೆಯದು, ಅದನ್ನು ನೋಡಿ ಮೋಸ ಹೋಗಬೇಡಿ. ಟೂ ಸ್ಟ್ರೋಕ್ ಮಷಿನ್‌ಗಳ ಟ್ಯಾಂಕ್ ಮುಚ್ಚಳಕ್ಕೂ ಅವುಗಳ ಪೆಟ್ರೋಲ್ ಡಬ್ಬಿಗೂ ಒಂದೇ ಬಣ್ಣದ ಪೇಂಟ್ ಬಳಿದಿಡಿ. ಓದು ಬಾರದವರಿಗೂ ಅದು ತಿಳಿಯುತ್ತದೆ.

ಟೂ ಸ್ಟ್ರೋಕ್‌ಗೆ ಎಷ್ಟು ಎಣ್ಣಿ ಬೆರೆಸಬೇಕು?

ಮಷಿನ್ ಮೇಲೆ ಅಥವಾ ಅದರ ಪುಸ್ತಕದಲ್ಲಿ ಬರೆದದ್ದೇ ಅಂತಿಮ. ಒಳ್ಳೆಯ ಕಂಪನಿಯ ಬಹುತೇಕ ಮಷಿನ್‌ಗಳು 50:1 ಕೇಳುತ್ತವೆ: 1 ಲೀಟರ್ ಪೆಟ್ರೋಲ್‌ಗೆ 20 ಮಿಲಿ, 5 ಲೀಟರ್‌ಗೆ 100 ಮಿಲಿ. ಅಗ್ಗದ ಮಷಿನ್‌ಗಳಲ್ಲಿ ಹಲವು 25:1 ಕೇಳುತ್ತವೆ: 1 ಲೀಟರ್‌ಗೆ 40 ಮಿಲಿ, 5 ಲೀಟರ್‌ಗೆ 200 ಮಿಲಿ. ಬಾಟಲಿ ಮುಚ್ಚಳದಿಂದ ಅಂದಾಜು ಹಾಕುವುದನ್ನು ಬಿಡಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ 20 ಮಿಲಿ ಸಿರಿಂಜ್ ತಂದು ಡಬ್ಬಿಗೆ ಕಟ್ಟಿಡಿ. ಲೀಟರ್‌ಗೆ ಒಂದು ಸಿರಿಂಜೋ ಎರಡೋ ಅಷ್ಟೇ ಲೆಕ್ಕ.

ಎಣ್ಣೆ ಗಾಳಿಯಿಂದ ತಣಿಯುವ ಎಂಜಿನ್‌ಗೆ ಮಾಡಿದ 2ಟಿ ಎಣ್ಣೆಯೇ ಆಗಬೇಕು. ಡಬ್ಬಿಯ ಮೇಲೆ ಜಾಸೋ (ಜಪಾನಿನ ಗುಣಮಟ್ಟದ ಗುರುತು) ಎಫ್‌ಸಿ ಅಥವಾ ಎಫ್‌ಡಿ ದರ್ಜೆ ನೋಡಿ. ಬೈಕಿನ 4ಟಿ ಎಣ್ಣೆ ನಡೆಯುವುದಿಲ್ಲ, ಪೆಟ್ರೋಲ್ ಜೊತೆ ಸರಿಯಾಗಿ ಉರಿಯದೆ ಪ್ಲಗ್ ಮೇಲೆ ಕರಿ ಕೂಡಿಸುತ್ತದೆ. ಬೆರೆಸುವುದು ಡಬ್ಬಿಯಲ್ಲೇ, ಮಷಿನ್ ಟ್ಯಾಂಕಿನಲ್ಲಿ ಅಲ್ಲ. ಅರ್ಧ ಪೆಟ್ರೋಲ್ ಹಾಕಿ, ಎಣ್ಣೆ ಪೂರ್ತಿ ಸುರಿದು, ಮುಚ್ಚಿ ಚೆನ್ನಾಗಿ ಕುಲುಕಿ, ಉಳಿದ ಪೆಟ್ರೋಲ್ ಹಾಕಿ ಮತ್ತೆ ಕುಲುಕಿ. ಪ್ರತಿ ಸಲ ಟ್ಯಾಂಕಿಗೆ ಹಾಕುವ ಮುಂಚೆಯೂ ಒಮ್ಮೆ ಕುಲುಕಬೇಕು.

ಎಣ್ಣೆ ಕಡಿಮೆಯಾದರೆ ಪಿಸ್ಟನ್ ಕಾದು ಸಿಲಿಂಡರ್‌ಗೆ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಹೊಗೆ, ಕರಿ ಹಿಡಿದ ಪ್ಲಗ್, ಸೈಲೆನ್ಸರ್ ಜಾಳಿಗೆ ಕಟ್ಟಿಕೊಳ್ಳುವುದು. ಎರಡನೆಯದನ್ನು ತೊಳೆದು ಸರಿಮಾಡಬಹುದು, ಮೊದಲನೆಯದನ್ನು ಆಗದು. ಆದ್ದರಿಂದ ನಮ್ಮ ಖಚಿತ ಸಲಹೆ: ಟೂ ಸ್ಟ್ರೋಕ್ ಮಷಿನ್ ಕೊಡುವಾಗ ಬೆರೆಸಿದ ಪೆಟ್ರೋಲ್ ಅನ್ನೂ ನೀವೇ ಕೊಡಿ, ಅದರ ಹಣ ತೆಗೆದುಕೊಳ್ಳಿ. ಒಯ್ಯುವವರಿಗೆ ಬೆರೆಸುವ ಕೆಲಸ ಬಿಡಬೇಡಿ.

ಪೆಟ್ರೋಲ್ ಎಷ್ಟು ದಿನ ಇಟ್ಟರ ನಡೀತದ?

ಬೆರೆಸಿದ್ದು ಒಂದು ತಿಂಗಳು. ನಮ್ಮ ಬೇಸಿಗೆಯಲ್ಲಿ, ತಗಡಿನ ಕೋಣೆಯಲ್ಲಿ ಇಟ್ಟರೆ ಅದಕ್ಕಿಂತ ಮುಂಚೆಯೇ ಕೆಡುತ್ತದೆ. ಪೆಟ್ರೋಲಿನ ಹಗುರ ಅಂಶ ಮೊದಲು ಆವಿಯಾಗುತ್ತದೆ, ಮಷಿನ್ ಚಾಲೂ ಆಗಲು ಬೇಕಾದದ್ದೇ ಅದು. ಕೆಟ್ಟ ಪೆಟ್ರೋಲ್ ವಾರ್ನಿಷ್‌ನಂತೆ ಹುಳಿ ನಾತ ಹೊಡೆಯುತ್ತದೆ.

ಈಗ ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ ಶೇಕಡಾ 20ರವರೆಗೆ ಎಥೆನಾಲ್ ಬೆರೆತದ್ದು. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕ್ ಬಿಟ್ಟರೆ ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಒಳಗೆ ಬಿಳಿ ಪುಡಿ ಕಟ್ಟುತ್ತದೆ. ಹಳೆಯ ಮಷಿನ್‌ಗಳ ರಬ್ಬರ್ ಪೈಪ್, ಪ್ರೈಮರ್ ಬಲ್ಬ್ (ಪೆಟ್ರೋಲ್ ಎಳೆಯಲು ಒತ್ತುವ ಮೆತ್ತನೆಯ ಗುಂಡು), ಕಾರ್ಬೊರೇಟರ್ ಡಯಾಫ್ರಮ್ (ತೆಳು ಪೊರೆ) ಗಟ್ಟಿಯಾಗಿ ಬಿರಿಯುವುದಕ್ಕೂ ಇದು ಕಾರಣ. ಇದಕ್ಕೆ ದುಬಾರಿ ಔಷಧ ಬೇಕಿಲ್ಲ. ಹತ್ತು ದಿನಕ್ಕಿಂತ ಹೆಚ್ಚು ಮಷಿನ್ ಕೂರುವುದಾದರೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಬಂದ್ ಆಗುವತನಕ ಓಡಿಸಿ ಇಡಿ.

ಪೆಟ್ರೋಲ್ ಪ್ಲಾಸ್ಟಿಕ್ ಬಾಟಲಿಯೊಳಗ ಒಯ್ಯಬಹುದೇನ್ರಿ?

ಬೇಡ. 1934ರ ಪೆಟ್ರೋಲಿಯಂ ಕಾಯ್ದೆ ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿ ಇಲ್ಲದೆ ಒಟ್ಟು 30 ಲೀಟರ್‌ವರೆಗೆ ಇಡಲು ಬಿಡುತ್ತದೆ. ಬಿಗಿ ಮುಚ್ಚಳದ ಲೋಹದ ಡಬ್ಬಿ ಇರಬೇಕು, ಒಂದೊಂದು 25 ಲೀಟರ್ ಮೀರಬಾರದು. ಎರವಲು ಕೋಣೆಗೆ 5 ಲೀಟರಿನ ಎರಡು ಡಬ್ಬಿ ಸಾಕು, ಒಂದು ಬರೀ ಪೆಟ್ರೋಲ್, ಒಂದು ಬೆರೆಸಿದ್ದು. ಬಿಸಿಲಿಗೆ ಹಿಗ್ಗುತ್ತದೆ, ಕಂಠಮಟ್ಟ ತುಂಬಬೇಡಿ.

ಹಗ್ಗ ಎಷ್ಟು ಜಗ್ಗಿದ್ರೂ ಮಷಿನ್ ಚಾಲೂ ಆಗವಲ್ದು. ಏನ್ ಮಾಡಬೇಕ್ರಿ?

ಮೊದಲು ಜಗ್ಗುವುದನ್ನು ನಿಲ್ಲಿಸಿ. ಸ್ವಿಚ್ ಆನ್ ಇದೆಯೇ, ಟ್ಯಾಂಕಿನಲ್ಲಿ ಹೊಸ ಪೆಟ್ರೋಲ್ ಇದೆಯೇ ನೋಡಿ. ಬಂದ ದೂರುಗಳಲ್ಲಿ ಅರ್ಧ ಇಲ್ಲೇ ತೀರುತ್ತವೆ.

ತಣ್ಣಗಿನ ಮಷಿನ್‌ಗೆ ಕ್ರಮ ಹೀಗಿದೆ. ಪ್ರೈಮರ್ ಬಲ್ಬ್ ಐದಾರು ಸಲ ಒತ್ತಿ, ಒಳಗೆ ಪೆಟ್ರೋಲ್ ಕಾಣಬೇಕು. ಚೋಕ್ ಮುಚ್ಚಿ. ಹಗ್ಗವನ್ನು ಮೊದಲು ಮೆಲ್ಲಗೆ ತಡೆ ಸಿಗುವತನಕ ಎಳೆದು, ಆಮೇಲೆ ಚುರುಕಾಗಿ ಜಗ್ಗಿ. ಮಷಿನ್ ಒಮ್ಮೆ ಕೆಮ್ಮಿದಂತೆ ಸದ್ದು ಮಾಡಿದರೆ ಕೂಡಲೇ ಚೋಕ್ ತೆರೆದು ಮತ್ತೆ ಜಗ್ಗಿ. ಈ ಸಣ್ಣ ಸದ್ದು ಕೇಳಿಸಿಕೊಳ್ಳದೆ ಚೋಕ್ ಮುಚ್ಚಿಕೊಂಡೇ ಜಗ್ಗುತ್ತ ಹೋದರೆ ಸಿಲಿಂಡರಿಗೆ ಪೆಟ್ರೋಲ್ ತುಂಬಿ ಪ್ಲಗ್ ತೊಯ್ಯುತ್ತದೆ. ಹಗ್ಗವನ್ನು ಕೊನೆತನಕ ಎಳೆದು ಹಾಗೇ ಕೈಬಿಡಬೇಡಿ, ಸ್ಪ್ರಿಂಗ್ ಮುರಿಯುವುದು ಹಾಗೇ.

ಹೀಗೂ ಆಗದಿದ್ದರೆ ಪ್ಲಗ್ ಬಿಚ್ಚಿ, ಅದರ ತುದಿ ನಿಮಗೆ ಬಹಳ ಹೇಳುತ್ತದೆ. ತೊಯ್ದಿದ್ದರೆ: ಸ್ವಿಚ್ ಆಫ್ ಮಾಡಿ, ಮಷಿನ್ ಬೋರಲು ಹಿಡಿದು ಹಗ್ಗ ಐದಾರು ಸಲ ಜಗ್ಗಿ ಒಳಗಿನ ಪೆಟ್ರೋಲ್ ಹೊರಗೆ ಹಾಕಿ. ಪ್ಲಗ್ ಒರೆಸಿ ಒಣಗಿಸಿ ಕೂಡಿಸಿ, ಚೋಕ್ ತೆರೆದು ಪೂರ್ತಿ ಆಕ್ಸಿಲರೇಟರ್ ಹಿಡಿದು ಜಗ್ಗಿ. ಪೂರ್ತಿ ಒಣಗಿದ್ದರೆ: ಪೆಟ್ರೋಲ್ ಬರುತ್ತಿಲ್ಲ. ಟ್ಯಾಂಕಿನೊಳಗಿನ ಫಿಲ್ಟರ್ ಅನ್ನು ಬಾಗಿದ ತಂತಿಯಿಂದ ಹೊರಗೆಳೆದು ನೋಡಿ, ಕಪ್ಪಾಗಿದ್ದರೆ ಬದಲಿಸಿ, ಪೈಪು ಬಿರುಕು ಬಿಟ್ಟಿದೆಯೇ ಬೆರಳಿನಿಂದ ಬಾಗಿಸಿ ನೋಡಿ. ಕರಿ ಹಿಡಿದಿದ್ದರೆ: ಹಿತ್ತಾಳೆ ಬ್ರಷ್‌ನಿಂದ ಉಜ್ಜಿ, ತುದಿಯಲ್ಲಿ ಕಿಡಿ ಹಾರುವ ಸಂದು 0.6ರಿಂದ 0.7 ಮಿಮೀ ಇಡಿ (ಕೆಲವು ಕಂಪನಿ 0.5 ಕೇಳುತ್ತವೆ).

ಕಿಡಿ ನೋಡುವಾಗ ಪ್ಲಗ್‌ನ ಲೋಹದ ಮೈ ಎಂಜಿನ್‌ಗೆ ತಾಗಿಸಿ, ಪ್ಲಗ್ ತೂತಿನಿಂದ ದೂರ ಹಿಡಿದು ಜಗ್ಗಿ. ಚೆಲ್ಲಿದ ಪೆಟ್ರೋಲ್ ಒರೆಸದೆ ಇದನ್ನು ಮಾಡಬೇಡಿ. ನೀಲಿ ಕಿಡಿ ಇದೆ, ಪೆಟ್ರೋಲ್ ಬರುತ್ತಿದೆ, ಆದರೂ ಚಾಲೂ ಆಗದು ಎಂದರೆ ಹಗ್ಗ ಮೆಲ್ಲಗೆ ಎಳೆದು ನೋಡಿ. ಟೂ ಸ್ಟ್ರೋಕ್‌ನಲ್ಲಿ ಪ್ರತಿ ಸುತ್ತಿಗೆ, ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಂದು ತಡೆ ಕೈಗೆ ಹತ್ತಬೇಕು. ಬೆಣ್ಣೆಯಂತೆ ಸರಾಗವಾಗಿ ಬಂದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಹೋಗಿದೆ, ಮೆಕ್ಯಾನಿಕ್ ಹತ್ತಿರ ಒಯ್ಯಿರಿ.

ಚಾಲೂ ಆಗ್ತದ, ಹತ್ತು ನಿಮಿಷಕ್ಕ ಬಂದ್ ಆಗ್ತದ. ಯಾಕ?

ಬಂದ್ ಆದ ಕೂಡಲೇ ಟ್ಯಾಂಕ್ ಮುಚ್ಚಳ ಮೆಲ್ಲಗೆ ಸಡಿಲಿಸಿ. ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂದು, ಆಮೇಲೆ ಮಷಿನ್ ಓಡಿದರೆ ಮುಚ್ಚಳದ ಉಸಿರು ತೂತು ಧೂಳಿನಿಂದ ಕಟ್ಟಿದೆ. ಅದನ್ನು ತೊಳೆದರೆ ಮುಗಿಯಿತು, ಕಾರ್ಬೊರೇಟರ್ ಬಿಚ್ಚುವ ಅಗತ್ಯವೇ ಇಲ್ಲ. ಅದಲ್ಲದಿದ್ದರೆ ಸಿಲಿಂಡರಿನ ಪಕ್ಕೆಗಳ ನಡುವೆ ಹೊಟ್ಟು, ಹುಲ್ಲಿನ ಪುಡಿ ತುಂಬಿ ಮಷಿನ್ ಕಾಯುತ್ತಿರಬಹುದು. ಏಪ್ರಿಲ್, ಮೇ ಮಧ್ಯಾಹ್ನ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ನಿಲ್ಲುವುದೂ ಉಂಟು, ಕಾಲು ಗಂಟೆ ನೆರಳಿಗಿಡಿ. ಓಡುತ್ತದೆ ಆದರೆ ಶಕ್ತಿ ಇಲ್ಲ ಎಂದರೆ ಸೈಲೆನ್ಸರ್ ಬಾಯಿಯ ಜಾಳಿಗೆ ಬಿಚ್ಚಿ ತಂತಿ ಬ್ರಷ್‌ನಿಂದ ಉಜ್ಜಿ.

ಏರ್ ಫಿಲ್ಟರ್ ಎಷ್ಟು ದಿನಕ್ಕೊಮ್ಮೆ ತೊಳೀಬೇಕು?

ಪುಸ್ತಕದಲ್ಲಿ 25 ಗಂಟೆ ಎಂದು ಬರೆದಿದ್ದರೆ ಅದು ಹಸಿರು ಹುಲ್ಲಿನ ಲೆಕ್ಕ. ಎರೆಹೊಲದ ಬದುವಿನ ಒಣ ಹುಲ್ಲು, ತೊಗರಿ ಕಟಾವು ಇಂಥ ಕಡೆ ಎರಡು ಮೂರು ಗಂಟೆಗೊಮ್ಮೆ ತೆರೆದು ಕೊಡವಬೇಕು, ಪ್ರತಿ ಸಲ ಮರಳಿ ಬಂದಾಗ ತೊಳೆಯಬೇಕು. ಸ್ಪಂಜಿನದಾದರೆ ಸೋಪಿನ ನೀರಿನಲ್ಲಿ ಹಿಚುಕಿ, ನೆರಳಲ್ಲಿ ಒಣಗಿಸಿ, ಪುಸ್ತಕ ಹೇಳಿದ್ದರೆ ನಾಲ್ಕು ಹನಿ ಎಣ್ಣೆ ಸವರಿ ಹಿಂಡಿ. ಕಾಗದದ ಫಿಲ್ಟರ್ ತೊಳೆಯಬೇಡಿ, ಮೆಲ್ಲಗೆ ತಟ್ಟಿ. ಪಂಕ್ಚರ್ ಅಂಗಡಿಯ ಗಾಳಿ ಹಿಡಿದರೆ ಕಾಗದ ಹರಿಯುತ್ತದೆ. ಒಂದಕ್ಕೆ ಎರಡು ಫಿಲ್ಟರ್ ಇಟ್ಟರೆ ಒಂದು ಒಣಗುವಾಗ ಇನ್ನೊಂದು ಕೆಲಸಕ್ಕೆ ಬರುತ್ತದೆ. ಫಿಲ್ಟರ್ ತೆಗೆದು ಓಡಿಸಿದರೆ ಜೋರು ಓಡುತ್ತದೆ ಎನ್ನುವವರ ಮಾತು ಕೇಳಬೇಡಿ. ಎರೆಮಣ್ಣಿನ ಸಣ್ಣ ಧೂಳು ಪಿಸ್ಟನ್ ರಿಂಗನ್ನು ಅರೆದುಬಿಡುತ್ತದೆ.

ದಾರ ಹಾಕಬೇಕೋ ಬ್ಲೇಡ್ ಹಾಕಬೇಕೋ?

ಕರಿಕೆ, ಎಳೆಯ ಕಸ, ಗೋಡೆ ಪಕ್ಕದ ಹುಲ್ಲಿಗೆ 2.4 ಮಿಮೀ ನೈಲಾನ್ ದಾರ. ದಪ್ಪ ಕಾಂಗ್ರೆಸ್ ಕಸ, ಎತ್ತರದ ಹುಲ್ಲಿಗೆ 3 ಹಲ್ಲಿನ ಬ್ಲೇಡ್. ತೊಗರಿ ಕಟ್ಟಿಗೆ, ಬೆರಳು ದಪ್ಪದ ಜಾಲಿ ಪೊದೆಗೆ 80 ಹಲ್ಲಿನ ದುಂಡು ಬ್ಲೇಡ್. ಬ್ಲೇಡ್ ಹಾಕಿದಾಗ ಅದಕ್ಕೆ ಹೊಂದುವ ಗಾರ್ಡ್ ಕೂಡ ಬದಲಿಸಬೇಕು.

ನಮ್ಮ ಕಡೆಯ ವಿಶೇಷ ತೊಂದರೆ ಫರ್ಸಿ. ಅಂಗಳಕ್ಕೆ, ಬೇಲಿಗೆ ನೆಟ್ಟ ಶಹಾಬಾದ್ ಕಲ್ಲಿನ ಅಂಚಿಗೆ ದಾರ ತಾಗಿದರೆ ನಿಮಿಷದಲ್ಲಿ ಸವೆಯುತ್ತದೆ, ಬ್ಲೇಡ್ ತಾಗಿದರೆ ಕಲ್ಲಿನ ಚೂರು ಕಣ್ಣಿಗೆ ಹಾರುತ್ತದೆ. ಫರ್ಸಿಯಿಂದ ಒಂದು ಗೇಣು ಬಿಟ್ಟು ಕತ್ತರಿಸಿ, ಉಳಿದದ್ದನ್ನು ಕುಡಗೋಲಿನಿಂದ ತೆಗೆಯಿರಿ. ಎರಡನೆಯದು ಹಂದಿ ಬಾರದಂತೆ ಹೊಲದ ಸುತ್ತ ಕಟ್ಟಿದ ಹಳೆ ಸೀರೆ. ಹುಲ್ಲಿನಲ್ಲಿ ಬಿದ್ದ ಅದರ ತುಂಡು, ಬೇಲಿ ತಂತಿ, ಡ್ರಿಪ್ ಪೈಪು ಬ್ಲೇಡಿಗೆ ಸುತ್ತಿಕೊಂಡರೆ ಕ್ಲಚ್ ಸುಡುತ್ತದೆ. ಮೊದಲು ಜಾಗದಲ್ಲಿ ನಡೆದು ನೋಡಿ.

ಬೇಸಿಗೆಯಲ್ಲಿ ದಾರ ಒಣಗಿ ಪಟಪಟ ತುಂಡಾಗುತ್ತಿದ್ದರೆ ಒಂದು ರಾತ್ರಿ ನೀರಲ್ಲಿ ನೆನೆಹಾಕಿ. ನೈಲಾನ್ ನೀರು ಹೀರಿ ಬಾಗುವ ಗುಣ ಮರಳಿ ಪಡೆಯುತ್ತದೆ.

ಬ್ಲೇಡ್ ನಟ್ ಉಲ್ಟಾ ತಿರುಚಿನದು: ಬಲಕ್ಕೆ ತಿರುಗಿಸಿದರೆ ಸಡಿಲ, ಎಡಕ್ಕೆ ತಿರುಗಿಸಿದರೆ ಬಿಗಿ. ಗೊತ್ತಿಲ್ಲದವರು ಪಾನಾಕ್ಕೆ ಪೈಪು ಕೊಟ್ಟು ತಿರುವಿ ನಟ್ ಮುರಿಯುತ್ತಾರೆ. ಬೆರಳಿನಿಂದಲೇ ತಿರುಗುವಷ್ಟು ಸಡಿಲವಾದ ನಟ್ ಬದಲಿಸಿ. ಬಿರುಕು ಬಿಟ್ಟ ಬ್ಲೇಡನ್ನು ವೆಲ್ಡಿಂಗ್ ಮಾಡಿಸಬೇಡಿ, ಗುಜರಿಗೆ ಹಾಕಿ.

ಗೇರ್ ಹೆಡ್‌ಗೆ ಗ್ರೀಸ್, ಎಂಜಿನ್‌ಗೆ ಆಯಿಲ್ ಯಾವಾಗ?

25 ಗಂಟೆಗೊಮ್ಮೆ ಗೇರ್ ಹೆಡ್ (ಬ್ರಷ್ ಕಟರ್ ಬ್ಲೇಡಿನ ಮೇಲಿನ ಗೇರ್ ಡಬ್ಬಿ) ಪಕ್ಕದ ಸ್ಕ್ರೂ ಬಿಚ್ಚಿ. ಗ್ರೀಸ್ ಕಾಣದಿದ್ದರೆ 5ರಿಂದ 10 ಗ್ರಾಂ ಲಿಥಿಯಂ ಗ್ರೀಸ್ ಹಾಕಿ. ಕಿಕ್ಕಿರಿದು ತುಂಬಿದರೆ ಕಾದು ಸೀಲ್ ಹೊರಗೆ ಬರುತ್ತದೆ. ಗೇರ್ ಹೆಡ್ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಗ್ರೀಸ್ ಮುಗಿದಿದೆ ಎಂದೇ ತಿಳಿಯಿರಿ.

ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಎಣ್ಣೆ ಬಹಳ ಕಡಿಮೆ ಹಿಡಿಯುತ್ತದೆ. ಹೋಂಡಾ ಜಿಎಕ್ಸ್35ಕ್ಕೆ 100 ಮಿಲಿ, ಜಿಎಕ್ಸ್25ಕ್ಕೆ 80 ಮಿಲಿ ಅಷ್ಟೇ, ಎಣ್ಣೆಯ ದಪ್ಪದ ದರ್ಜೆ 10ಡಬ್ಲ್ಯು-30. ಇಷ್ಟರಲ್ಲಿ 30 ಮಿಲಿ ಕಡಿಮೆಯಾದರೂ ಅಪಾಯ, ಆದ್ದರಿಂದ ಪ್ರತಿ ಸಲ ಕೊಡುವ ಮುಂಚೆ ಸಮತಟ್ಟಿನಲ್ಲಿಟ್ಟು ನೋಡಿ. ಹೊಸದಾಗಿದ್ದಾಗ ಮೊದಲ 10 ಗಂಟೆಗೆ, ಆಮೇಲೆ 50 ಗಂಟೆ ಅಥವಾ ಆರು ತಿಂಗಳಿಗೆ ಬದಲಿಸಿ. ಬಿಸಿ ಇರುವಾಗ ಬಸಿದರೆ ಕೊಳೆ ಪೂರ್ತಿ ಬರುತ್ತದೆ.

ಕೊಡೋವಾಗ ಏನು ನೋಡಬೇಕು, ವಾಪಸ್ ತಗೊಳ್ಳೋವಾಗ ಏನು?

ಕೊಡುವಾಗ ಒಯ್ಯುವವರ ಎದುರೇ ಚಾಲೂ ಮಾಡಿ, ಅವರ ಕೈಯಿಂದಲೂ ಒಮ್ಮೆ ಚಾಲೂ, ಬಂದ್ ಮಾಡಿಸಿ. ಬೆಲ್ಟ್ ಅವರ ಎತ್ತರಕ್ಕೆ ಹೊಂದಿಸಿ. ವಹಿಯಲ್ಲಿ ಹೆಸರು, ಊರು, ಯಾವ ಕೆಲಸಕ್ಕೆ, ಎಷ್ಟು ಪೆಟ್ರೋಲ್ ಕೊಟ್ಟಿರಿ ಬರೆಯಿರಿ. ‘ಯಾವ ಕೆಲಸಕ್ಕೆ’ ಎಂಬುದು ಮುಖ್ಯ, ಬದುವಿನ ಹುಲ್ಲಿಗೆ ಎಂದು ಒಯ್ದು ಜಾಲಿ ಕಡಿದರೆ ಬ್ಲೇಡ್ ನೋಡಿಯೇ ಗೊತ್ತಾಗುತ್ತದೆ.

ವಾಪಸ್ ಬಂದಾಗ ಅವರನ್ನು ಹತ್ತು ನಿಮಿಷ ಕೂಡಿಸಿಕೊಳ್ಳಿ, ಚಹಾ ಕೊಡಿ, ಅಷ್ಟರಲ್ಲಿ ನೋಡಿಬಿಡಿ. ಟ್ಯಾಂಕಿನ ಪೆಟ್ರೋಲ್ ಬಣ್ಣ (2ಟಿ ಎಣ್ಣೆ ಬೆರೆತರೆ ಆ ಎಣ್ಣೆಯ ಬಣ್ಣದ ಛಾಯೆ ಇರುತ್ತದೆ), ಹಗ್ಗದ ತಡೆ, ಫಿಲ್ಟರ್, ಗಾರ್ಡ್, ಬ್ಲೇಡ್, ಶಾಫ್ಟ್ ಬಾಗಿದೆಯೇ ಎಂದು. ಏನು ಕೆಟ್ಟಿತು ಎಂದು ಕೇಳುವಾಗ ದನಿ ಮೆತ್ತಗಿರಲಿ. ಬೈಯುವ ಕಡೆ ಜನ ಮುರಿದದ್ದನ್ನು ಮುಚ್ಚಿಡುತ್ತಾರೆ, ಆ ಮಷಿನ್ ಮುಂದಿನವರ ಕೈಯಲ್ಲಿ ಅನಾಹುತ ಮಾಡುತ್ತದೆ.

ಒಯ್ದವರು ತಮ್ಮ ಬೀಗರಿಗೆ ಕೊಟ್ಟು ಕಳಿಸಿದ್ರ?

ಇದು ಆಗುವಂಥದ್ದೇ. ಒಂದೇ ನಿಯಮ ಇಡಿ: ಮಷಿನ್ ಒಯ್ದವರ ಹೊಣೆ, ಬೇರೆಯವರಿಗೆ ಬೇಕಾದರೆ ಅವರೇ ಬಂದು ಕಲಿತು ಒಯ್ಯಬೇಕು.

ಬಾಡಿಗಿ ಎಷ್ಟು ಇಡಬೇಕು? ಕೆಟ್ಟರ ಯಾರು ಕೊಡಬೇಕು?

ದಿನಕ್ಕಲ್ಲ, ಗಂಟೆಗೆ ಲೆಕ್ಕ ಹಾಕಿ. ಉದಾಹರಣೆಗೆ 24,000 ರೂಪಾಯಿಯ ಮಷಿನ್ 600 ಗಂಟೆ ದುಡಿಯಲಿ ಎಂದು ಹಿಡಿದರೆ ಗಂಟೆಗೆ 40 ರೂಪಾಯಿ. ದಾರ, ಪ್ಲಗ್, ಫಿಲ್ಟರ್, ಗ್ರೀಸ್‌ಗೆ 20 ಸೇರಿಸಿದರೆ 60, ಪೆಟ್ರೋಲ್ ಬೇರೆ. ದಾರ, ಪ್ಲಗ್, ಹಗ್ಗ, ಪ್ರೈಮರ್ ಬಲ್ಬ್ ಸವೆದರೆ ಕೊಟ್ಟವರ ಖರ್ಚು. ಬಾಗಿದ ಶಾಫ್ಟ್, ಕಳೆದ ಗಾರ್ಡ್, ಎಣ್ಣೆಯಿಲ್ಲದೆ ಕಚ್ಚಿದ ಪಿಸ್ಟನ್ ಒಯ್ದವರ ಖರ್ಚು. ಇದನ್ನು ಮೊದಲೇ ಗೋಡೆಗೆ ಬರೆದು ಅಂಟಿಸಿ.

ಒಂದೇ ಸ್ಪ್ರೇಯರ್ ಕಳೆನಾಶಕಕ್ಕೂ ಕೀಟನಾಶಕಕ್ಕೂ ನಡೀತದೇನ್ರಿ?

ದಯವಿಟ್ಟು ಬೇಡ. 2,4-ಡಿ ಎಂಬ ಕಳೆನಾಶಕ ಹೊಡೆದ ಟ್ಯಾಂಕಿನಲ್ಲಿ ಉಳಿದ ಅಂಶ ಹತ್ತಿಗೆ ಬಿದ್ದರೆ ಎಲೆ ಬೆರಳಿನಂತೆ ಸುರುಟುತ್ತದೆ, ತೊಗರಿಗೂ ಪೆಟ್ಟು. ಶಹಾಪುರ, ಸುರಪುರ ಕಡೆಯ ಹತ್ತಿ ಹೊಲಕ್ಕಾಗಲಿ, ಆಳಂದ, ಸೇಡಂ ಕಡೆಯ ತೊಗರಿಗಾಗಲಿ ಅಂಥ ಸ್ಪ್ರೇಯರ್ ಹೋದರೆ ಆ ರೈತನ ವರ್ಷದ ಬೆಳೆಯೇ ಹೋದೀತು. ಕಳೆನಾಶಕಕ್ಕೆ ಬೇರೆ ಸ್ಪ್ರೇಯರ್ ಇಟ್ಟು ಟ್ಯಾಂಕಿಗೆ ಕೆಂಪು ಪಟ್ಟಿ ಎಳೆಯಿರಿ. ಯಾವುದೇ ಆಗಲಿ, ಮರಳಿ ಬಂದಾಗ ಮೂರು ಸಲ ನೀರು ಹಾಕಿ ಕುಲುಕಿ, ಪೈಪು ಮತ್ತು ನಾಜಲ್ ಮೂಲಕ ಹೊರಗೆ ಬಿಟ್ಟಿರಬೇಕು. ತೊಳೆದ ನೀರು ಬಾವಿ, ಹಳ್ಳದ ಹತ್ತಿರ ಚೆಲ್ಲಬಾರದು.

ಚೈನ್ ಸಾ ಬೇಕಾಗ್ಯದ, ಮನಿ ಮುಂದಿನ ಬೇವು ಕಡೀಬೇಕು.

ಮೊದಲು ಅರಣ್ಯ ಇಲಾಖೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಜಾಗದ ಬೇವಿಗೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಬಳ್ಳಾರಿ ಜಾಲಿ ಎಂದು ನಾವು ಕರೆಯುವ ಪ್ರೊಸೋಪಿಸ್, ಸುಬಾಬುಲ್, ನೀಲಗಿರಿಯಂಥ ಕೆಲವಕ್ಕೆ ವಿನಾಯಿತಿ ಇದೆ. ಅನುಮತಿ ಪತ್ರ ನೋಡದೆ ಚೈನ್ ಸಾ ಕಳಿಸಬೇಡಿ.

ಚೈನ್ ಹುಡಿ ಉದುರಿಸುತ್ತಿದ್ದರೆ ಮೊಂಡಾಗಿದೆ, ಚೂಪಿದ್ದರೆ ಚಕ್ಕೆ ಉದುರುತ್ತದೆ. ಸಣ್ಣ 3/8 ಲೋ ಪ್ರೊಫೈಲ್ ಚೈನ್‌ಗೆ 4 ಮಿಮೀ ದುಂಡು ಅರ, .325 ಚೈನ್‌ಗೆ 4.8 ಮಿಮೀ (3/8, .325 ಎಂಬುದು ಚೈನ್ ಕೊಂಡಿಯ ಇಂಚಿನ ಅಳತೆ). 30 ಡಿಗ್ರಿ ಓರೆಯಲ್ಲಿ, ಮುಂದಕ್ಕೆ ಮಾತ್ರ, ಪ್ರತಿ ಹಲ್ಲಿಗೂ ಅಷ್ಟೇ ಸಲ ಉಜ್ಜಿ. ಒಂದು ಬದಿ ಹೆಚ್ಚಾದರೆ ಕೊಯ್ತ ಓರೆ ಹೋಗುತ್ತದೆ. ಚೈನ್ ಎಣ್ಣೆ ಪೆಟ್ರೋಲ್ ಜೊತೆಗೇ ತುಂಬಿಸಿ, ಗ್ಯಾರೇಜಿನ ಕರಿ ಎಣ್ಣೆ ಹಾಕಬೇಡಿ, ಅದರಲ್ಲಿನ ಲೋಹದ ಪುಡಿ ಬಾರ್ (ಚೈನ್ ಓಡುವ ಪಟ್ಟಿ) ಸವೆಸುತ್ತದೆ. ಕೆಲಸ ಮುಗಿದ ಮೇಲೆ ಚೈನ್ ಸಡಿಲಿಸಿಡಿ, ತಣ್ಣಗಾಗುವಾಗ ಅದು ಕುಗ್ಗುತ್ತದೆ.

ಹುಲ್ಲು ಕೊಯ್ಯೋವಾಗ ಏನೇನು ಹಾಕ್ಕೋಬೇಕು?

ಕನ್ನಡಕ, ಬೂಟು, ಉದ್ದ ಪ್ಯಾಂಟು, ಕಿವಿಗೆ ಹತ್ತಿಯಲ್ಲ ಇಯರ್ ಮಫ್. ಕೊರಳಲ್ಲಿ ಟವೆಲ್, ಸಡಿಲ ಧೋತರ ಬೇಡ. ಸುತ್ತ 15 ಮೀಟರ್ ಒಳಗೆ ಮಕ್ಕಳು, ದನ ಇರಬಾರದು. ಬ್ಲೇಡಿನ ಮುಂದಿನ ಬಲ ಅಂಚು ಗಟ್ಟಿ ಕಾಂಡಕ್ಕೆ ತಾಗಿದರೆ ಮಷಿನ್ ಪಕ್ಕಕ್ಕೆ ಎಗರುತ್ತದೆ, ಎಡ ಭಾಗದಿಂದ ಕತ್ತರಿಸಿ. ಬೆಳಿಗ್ಗೆ ಹತ್ತರೊಳಗೆ ಕೆಲಸ ಮುಗಿಸಿ. ಕಾದ ಸೈಲೆನ್ಸರ್ ಒಣ ಹುಲ್ಲಿನ ಮೇಲೆ ಇಡಬೇಡಿ. ಬಣವಿ, ಕಣಿಕೆ ಹತ್ತಿರ ಪೆಟ್ರೋಲ್ ತುಂಬಬೇಡಿ, ತುಂಬಿದ ಜಾಗದಿಂದ ಮೂರು ಮೀಟರ್ ಸರಿದು ಚಾಲೂ ಮಾಡಿ.

ಮಳಿ ಮುಗಿದ ಮ್ಯಾಲ ನಾಲ್ಕು ತಿಂಗಳು ಯಾರೂ ಕೇಳಲ್ಲ. ಹ್ಯಾಂಗ ಇಡಬೇಕು?

ಟ್ಯಾಂಕ್ ಖಾಲಿ ಮಾಡಿ, ಪ್ರೈಮರ್ ಒತ್ತಿ, ಚಾಲೂ ಮಾಡಿ ತಾನಾಗಿ ನಿಲ್ಲುವತನಕ ಬಿಡಿ. ಪ್ಲಗ್ ಬಿಚ್ಚಿ ತೂತಿಗೆ 5 ಮಿಲಿ ಎಣ್ಣೆ ಹಾಕಿ (ಟೂ ಸ್ಟ್ರೋಕ್‌ಗೆ 2ಟಿ, ಫೋರ್ ಸ್ಟ್ರೋಕ್‌ಗೆ ಎಂಜಿನ್ ಆಯಿಲ್), ಹಗ್ಗ ಮೆಲ್ಲಗೆ ಎರಡು ಮೂರು ಸಲ ಎಳೆದು ಪ್ಲಗ್ ಕೂಡಿಸಿ. ಬ್ಲೇಡಿಗೆ ಎಣ್ಣೆ ಸವರಿ, ಗೊಬ್ಬರದ ಚೀಲಗಳಿಂದ ದೂರ ತೂಗುಹಾಕಿ, ಯೂರಿಯಾದ ತೇವ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಸುತ್ತದೆ. ಉಳಿದ ಬೆರೆಸಿದ ಪೆಟ್ರೋಲ್ ಒಂದು ತಿಂಗಳು ದಾಟಿದ್ದರೆ ಮಷಿನ್‌ಗೆ ಹಾಕದೆ, ಚರಂಡಿಗೂ ಚೆಲ್ಲದೆ, ಭಾಗ ತೊಳೆಯಲು ಬೇಕೆಂದು ಕೇಳುವ ಗ್ಯಾರೇಜಿಗೆ ಕೊಡಿ. ಮುಂದಿನ ಹಂಗಾಮಿಗೆ ಹೊಸ ಪ್ಲಗ್, ದಾರದ ಒಂದು ಸುರುಳಿ, ಎರಡು ಪ್ರೈಮರ್ ಬಲ್ಬ್, ಟ್ಯಾಂಕ್ ಫಿಲ್ಟರ್, ಡಯಾಫ್ರಮ್ ಕಿಟ್ ಮತ್ತು ಎರಡು ಬ್ಲೇಡ್ ನಟ್ ಈಗಲೇ ತಂದಿಡಿ. ಮೊದಲ ಮಳೆ ಬಿದ್ದ ಮೇಲೆ ಅಂಗಡಿಯಲ್ಲಿ ಎಲ್ಲರೂ ಅವನ್ನೇ ಕೇಳುತ್ತಾರೆ.